ದೆಹಲಿಯ ತನಕ ಹೋದವರು



ಕಳೆದ ತಿಂಗಳು ಈ ಅಂಕಣದ ಹೆಸರಿಗೆ ಬಂದ ಪತ್ರಗಳಲ್ಲಿ ದಪ್ಪನಾದ ಲಕೋಟೆಯೊಂದಿತ್ತು. ಬರೆದವರು ಧಾರವಾಡದ ಕಡೆಯ ಹಿರಿಯ ರೈತರು. ಹೆಸರು, ಊರು ಬರೆಯಕೂಡದೆಂದು ಅವರೇ ಕೇಳಿಕೊಂಡಿರುವುದರಿಂದ ಬರೆಯುವುದಿಲ್ಲ. ಅವರ ತಂದೆಯವರು 1999ರಲ್ಲಿ ಲಿಂಗೈಕ್ಯರಾದರು. ಹನ್ನೊಂದು ಎಕರೆ ಪಿತ್ರಾರ್ಜಿತ ಭೂಮಿ. ತಂಗಿಯ ಮದುವೆ ಅದಕ್ಕೂ ಎಷ್ಟೋ ವರ್ಷ ಹಿಂದೆಯೇ ಆಗಿತ್ತು. ಈಗ ಆ ತಂಗಿ ಪಾಲು ಕೇಳಿ ದಾವೆ ಹೂಡಿ, ಕೆಳಗಿನ ನ್ಯಾಯಾಲಯದಲ್ಲಿಯೂ ಉಚ್ಚ ನ್ಯಾಯಾಲಯದಲ್ಲಿಯೂ ಗೆದ್ದಿದ್ದಾರೆ. "ಬಂಗಾರ ಹಾಕಿ ಮದುವೆ ಮಾಡಿದೆವು, ಮೂರು ಬಾಣಂತನ ಮಾಡಿದೆವು. ಇನ್ನೇನು ಕೊಡುವುದು? ಹೊಲ ಅಡವು ಇಟ್ಟಾದರೂ ಸರಿ, ದಿಲ್ಲಿಯ ತನಕ ಹೋಗುವವನೇ. ಸುಪ್ರೀಂ ಕೋರ್ಟೆಂದರೆ ಏನು, ಅಲ್ಲಿ ನ್ಯಾಯ ಹೇಗೆ ನಡೆಯುತ್ತದೆ, ಒಮ್ಮೆ ವಿವರವಾಗಿ ಬರೆಯಿರಿ" ಎಂದು ಅವರ ಅಪೇಕ್ಷೆ.

ಈ ಮಾತನ್ನು ಕೇಳದ ಊರು ನಮ್ಮಲ್ಲಿ ಇಲ್ಲವೆಂದೇ ಹೇಳಬೇಕು. ಬದುವಿನ ಜಗಳವಿರಲಿ, ಹಾದಿಯ ಜಗಳವಿರಲಿ, ಕೊನೆಗೆ ಬರುವ ಮಾತು "ದಿಲ್ಲಿಯ ತನಕ ಹೋಗುವೆ" ಎಂಬುದೇ. ಆದುದರಿಂದ ಈ ತಿಂಗಳ ಅಂಕಣವನ್ನು ಆ ಹಿರಿಯರ ಪ್ರಶ್ನೆಗೇ ಮೀಸಲಿಡುತ್ತೇನೆ.

ಮೊದಲಿಗೆ ತಿಳಿಯಬೇಕಾದುದೆಂದರೆ, ಸರ್ವೋಚ್ಚ ನ್ಯಾಯಾಲಯವು ತಾಲ್ಲೂಕಿನ ನ್ಯಾಯಾಲಯದ ಇನ್ನೂ ದೊಡ್ಡ ರೂಪವಲ್ಲ. ಸಂವಿಧಾನವು 1950ರ ಜನವರಿ 26ರಂದು ಜಾರಿಗೆ ಬಂದಿತಷ್ಟೆ. ಅದಾದ ಎರಡೇ ದಿನಕ್ಕೆ, ಜನವರಿ 28ರಂದು, ಈ ನ್ಯಾಯಾಲಯ ಉದ್ಘಾಟನೆಗೊಂಡಿತು. ಸ್ವಂತ ಕಟ್ಟಡವಿರಲಿಲ್ಲ. ಸಂಸತ್ ಭವನದಲ್ಲಿ ಹಿಂದೆ ರಾಜಮಹಾರಾಜರ ಮಂಡಲ ಸೇರುತ್ತಿದ್ದ ಸಭಾಂಗಣದಲ್ಲಿಯೇ ಎಂಟು ವರ್ಷ ಕಲಾಪ ನಡೆದು, 1958ರಲ್ಲಿ ಈಗಿನ ಗುಮ್ಮಟದ ಕಟ್ಟಡಕ್ಕೆ ಬಂದಿತು. ಆಗ ಮುಖ್ಯ ನ್ಯಾಯಮೂರ್ತಿಗಳೂ ಸೇರಿ ಎಂಟೇ ನ್ಯಾಯಮೂರ್ತಿಗಳಿಗೆ ಅವಕಾಶವಿತ್ತು. 2019ರ ತಿದ್ದುಪಡಿಯಿಂದ ಆ ಸಂಖ್ಯೆ 34ಕ್ಕೆ ಏರಿತು. ಅವರೆಲ್ಲರೂ ಒಟ್ಟಿಗೆ ಕುಳಿತುಕೊಳ್ಳುವುದಿಲ್ಲ. ಇಬ್ಬರು ಅಥವಾ ಮೂವರ ಪೀಠಗಳೇ ದಿನನಿತ್ಯದ ಕೆಲಸವನ್ನು ನಡೆಸುತ್ತವೆ. ಸಂವಿಧಾನದ ಅರ್ಥವನ್ನೇ ಹೇಳಬೇಕಾದ ಮಹತ್ವದ ಪ್ರಶ್ನೆ ಬಂದಾಗ ಕನಿಷ್ಠ ಐವರು ಕುಳಿತುಕೊಳ್ಳಬೇಕು. ಯಾವ ಪ್ರಕರಣ ಯಾವ ಪೀಠಕ್ಕೆಂಬುದನ್ನು ನಿರ್ಧರಿಸುವ ಅಧಿಕಾರ ಮುಖ್ಯ ನ್ಯಾಯಮೂರ್ತಿಗಳದು.

ಇಲ್ಲಿಗೆ ಹೋಗುವ ದಾರಿಗಳು ಹಲವು. ಮೂಲಭೂತ ಹಕ್ಕಿಗೆ ಚ್ಯುತಿ ಬಂದರೆ 32ನೆಯ ಅನುಚ್ಛೇದದಂತೆ ಯಾರೇ ಆಗಲಿ ನೇರವಾಗಿ ಹೋಗಬಹುದು. ರಾಜ್ಯ ರಾಜ್ಯಗಳ ನಡುವಿನ, ರಾಜ್ಯ ಕೇಂದ್ರಗಳ ನಡುವಿನ ವ್ಯಾಜ್ಯಗಳು ಅಲ್ಲಿಯೇ ಆರಂಭವಾಗುತ್ತವೆ. ರಾಷ್ಟ್ರಪತಿಗಳು ಅಭಿಪ್ರಾಯ ಕೇಳಬಹುದು. ಹೊಲಮನೆಯ ವ್ಯಾಜ್ಯದವರಿಗೆ ಸಾಮಾನ್ಯವಾಗಿ ಉಳಿಯುವ ದಾರಿ 136ನೆಯ ಅನುಚ್ಛೇದ, ಅಂದರೆ ವಿಶೇಷ ಅನುಮತಿ ಅರ್ಜಿ. ಆ ಹೆಸರನ್ನು ಗಮನಿಸಬೇಕು. ಅದು ಮೇಲ್ಮನವಿಯಲ್ಲ, ಮೇಲ್ಮನವಿ ಹಾಕಲು ಅನುಮತಿ ಕೊಡಿರೆಂಬ ಬೇಡಿಕೆ. ಉಚ್ಚ ನ್ಯಾಯಾಲಯದ ತೀರ್ಪು ಬಂದ 90 ದಿನಗಳೊಳಗೆ ಹಾಕಬೇಕು. ತಾವೇ ಖುದ್ದಾಗಿ ವಾದಿಸದಿದ್ದರೆ, ಆ ನ್ಯಾಯಾಲಯವೇ ಪರೀಕ್ಷೆ ನಡೆಸಿ ನೋಂದಾಯಿಸಿಕೊಂಡ ವಕೀಲರ ಮೂಲಕವೇ ಹಾಕಬೇಕು. ಇಬ್ಬರು ನ್ಯಾಯಮೂರ್ತಿಗಳು ಕಡತವನ್ನು ಮೊದಲೇ ಓದಿಕೊಂಡು ಬಂದಿರುತ್ತಾರೆ. ಕೆಲವೇ ನಿಮಿಷಗಳ ಮಾತು. ಬಹುಪಾಲು ಅರ್ಜಿಗಳು ಅಲ್ಲಿಯೇ ವಜಾ ಆಗುತ್ತವೆ. ಸಾಕ್ಷಿಯನ್ನು ಮತ್ತೆ ವಿಚಾರಿಸುವುದಿಲ್ಲ, ಪಂಚರನ್ನು ಕರೆಸುವುದಿಲ್ಲ, ಹೊಲವನ್ನು ಅಳೆಸುವುದಿಲ್ಲ. ಕೆಳಗಿನ ನ್ಯಾಯಾಲಯಗಳು ಸತ್ಯವೆಂದು ಕಂಡುಕೊಂಡದ್ದನ್ನು ಒಪ್ಪಿಕೊಂಡು, ಕಾನೂನಿನ ಪ್ರಶ್ನೆಯೇನಾದರೂ ಉಳಿದಿದೆಯೇ ಎಂದಷ್ಟೇ ನೋಡುವುದು ವಾಡಿಕೆ. ಕಲಾಪವೆಲ್ಲ ಇಂಗ್ಲಿಷಿನಲ್ಲಿ. ಹೀಗಿದ್ದೂ 2024ರಲ್ಲಿ ಅಲ್ಲಿ ಬಾಕಿಯಿದ್ದ ಪ್ರಕರಣಗಳು 80,000ಕ್ಕೂ ಮೀರಿದ್ದವು. ಯಾರು ಬಂದರೂ ಬಾಗಿಲು ತಟ್ಟಬಹುದೆಂದು ಇಟ್ಟ 136ನೆಯ ಅನುಚ್ಛೇದವೇ ಇಂದು ಆ ನ್ಯಾಯಾಲಯದ ಬೆನ್ನು ಬಗ್ಗಿಸಿದೆಯೆಂದು ನನ್ನ ಅನಿಸಿಕೆ.

ಹಾಗಾದರೆ ದೆಹಲಿಯ ತನಕ ಹೋದವರಿಗೆ ಏನು ಸಿಕ್ಕಿತು? ಕನ್ನಡ ಮಾತನಾಡುವ ಮೂವರ ಹೆಸರುಗಳನ್ನು ಈ ದೇಶದ ಪ್ರತಿಯೊಬ್ಬ ಕಾನೂನು ವಿದ್ಯಾರ್ಥಿಯೂ ಬಾಯಿಪಾಠ ಮಾಡುತ್ತಾನೆ. ಅವರ ಕಥೆಯನ್ನು ನೋಡೋಣ.

ಮೊದಲನೆಯವರು ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು. ಕಾಸರಗೋಡು 1956ರ ತನಕ ದಕ್ಷಿಣ ಕನ್ನಡದಲ್ಲಿಯೇ ಇದ್ದು, ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿತೆಂಬುದು ಎಲ್ಲರಿಗೂ ತಿಳಿದಿದೆ. ಎಡನೀರು ಶಂಕರ ಪರಂಪರೆಯ ಮಠ; ಯಕ್ಷಗಾನ, ಸಂಗೀತಗಳಿಗೆ ಆಶ್ರಯ ಕೊಟ್ಟದ್ದು. ಕೇರಳದ ಭೂಸುಧಾರಣೆ ಕಾಯ್ದೆಯಿಂದ ಮಠದ ಭೂಮಿ ಕೈಬಿಟ್ಟು ಹೋಗುವ ಸಂದರ್ಭ ಬಂದಾಗ, ಇನ್ನೂ ಮೂವತ್ತು ತುಂಬದ ಸ್ವಾಮಿಗಳು 1970ರ ಮಾರ್ಚಿನಲ್ಲಿ ನೇರವಾಗಿ ಸರ್ವೋಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿ ಹಾಕಿದರು. ಕೇಳಿದ್ದು ಮಠದ ಭೂಮಿಯನ್ನು. ಆದರೆ ಅರ್ಜಿ ಬಾಕಿಯಿರುವಾಗಲೇ ಸಂಸತ್ತು ಸಂವಿಧಾನಕ್ಕೆ 24, 25, 29ನೆಯ ತಿದ್ದುಪಡಿಗಳನ್ನು ತಂದಿತು. ಕೇರಳದ ಆ ಕಾಯ್ದೆಯ ತಿದ್ದುಪಡಿಗಳನ್ನೇ 29ನೆಯದು ಒಂಬತ್ತನೆಯ ಅನುಸೂಚಿಗೆ ಸೇರಿಸಿಬಿಟ್ಟಿತು. ಆ ಅನುಸೂಚಿಗೆ ಸೇರಿದ ಕಾಯ್ದೆಯನ್ನು ಮೂಲಭೂತ ಹಕ್ಕಿಗೆ ವಿರುದ್ಧವೆಂದು ಪ್ರಶ್ನಿಸುವಂತಿರಲಿಲ್ಲ. ಅಲ್ಲಿಗೆ ಪ್ರಶ್ನೆಯ ಸ್ವರೂಪವೇ ಬದಲಾಯಿತು. ಸಂಸತ್ತು ಸಂವಿಧಾನವನ್ನು ಎಷ್ಟರ ಮಟ್ಟಿಗೆ ತಿದ್ದಬಲ್ಲದು? ಎಲ್ಲವನ್ನೂ ಅಳಿಸಿ ಬೇರೆಯದನ್ನು ಬರೆಯಬಲ್ಲದೆ?

ಈ ಪ್ರಶ್ನೆಯನ್ನು ಕೇಳಲು ಹದಿಮೂವರು ನ್ಯಾಯಮೂರ್ತಿಗಳು ಕುಳಿತರು. ಅಷ್ಟು ದೊಡ್ಡ ಪೀಠ ಹಿಂದೆಯೂ ಇರಲಿಲ್ಲ, ಆ ಮೇಲೂ ತೀರ್ಪು ಕೊಟ್ಟಿಲ್ಲ. 1972ರ ಅಕ್ಟೋಬರ್ 31ರಿಂದ 1973ರ ಮಾರ್ಚ್ 23ರ ತನಕ, 68 ದಿನ ವಾದ ನಡೆಯಿತು. ಸ್ವಾಮಿಗಳ ಪರವಾಗಿ ನಾನಿ ಪಾಲ್ಖಿವಾಲಾ, ಕೇರಳದ ಪರವಾಗಿ ಎಚ್. ಎಂ. ಸೀರ್ವಾಯಿ. ಸ್ವಾಮಿಗಳೂ ಪಾಲ್ಖಿವಾಲಾ ಅವರೂ ಒಮ್ಮೆಯೂ ಮುಖತಃ ಭೇಟಿಯಾಗಲಿಲ್ಲವೆಂದು ಹೇಳುತ್ತಾರೆ! ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರ ನಿವೃತ್ತಿ ಸಮೀಪಿಸಿತ್ತು. ಅದರೊಳಗೆ ತೀರ್ಪು ಬರಲೇಬೇಕು. ಏಪ್ರಿಲ್ 24ರಂದು ಹನ್ನೊಂದು ಪ್ರತ್ಯೇಕ ತೀರ್ಪುಗಳು ಹೊರಬಂದವು. ಏಳು ಮಂದಿ ಒಂದು ಕಡೆ, ಆರು ಮಂದಿ ಇನ್ನೊಂದು ಕಡೆ. ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂಬುದು ಬಹುಮತದ ನಿರ್ಣಯ.

ಆ ಒಂದು ಮತದ ಅಂತರದ ಬಲದಿಂದಲೇ ಮುಂದೆ ಎಷ್ಟೋ ಉಳಿಯಿತು. ತುರ್ತುಪರಿಸ್ಥಿತಿಯಲ್ಲಿ ಬಂದ 42ನೆಯ ತಿದ್ದುಪಡಿಯ ಎರಡು ಮುಖ್ಯ ಭಾಗಗಳನ್ನು 1980ರಲ್ಲಿ ರದ್ದುಪಡಿಸಿದಾಗ ಆಧಾರವಾದದ್ದು ಇದೇ ತತ್ವ. ಆ ಪ್ರಕರಣವೂ ನಮ್ಮ ಬೆಂಗಳೂರಿನ ಮಿನರ್ವ ಮಿಲ್ಲಿನ ಹೆಸರಿನಲ್ಲಿದೆ.

ಮಠದ ಭೂಮಿಯೇನಾಯಿತು? 29ನೆಯ ತಿದ್ದುಪಡಿಯನ್ನು ನ್ಯಾಯಾಲಯ ಎತ್ತಿಹಿಡಿಯಿತು. ಭೂಮಿ ಮರಳಿ ಬರಲಿಲ್ಲ. ಸ್ವಾಮಿಗಳು 2020ರ ಸೆಪ್ಟೆಂಬರ್ 6ರಂದು ದೇಹ ಬಿಟ್ಟಾಗ ದೇಶದ ಪತ್ರಿಕೆಗಳೆಲ್ಲ ಸಂವಿಧಾನವನ್ನು ಉಳಿಸಿದ ಸಂನ್ಯಾಸಿ ಎಂಬರ್ಥದಲ್ಲಿ ಬರೆದವು. ಅವರು ಕೇಳಲು ಹೋದದ್ದು ಮಾತ್ರ ಬೇರೆಯದೇ ಆಗಿತ್ತು.

ಈ ತೀರ್ಪಿಗೆ ಬೆಲೆ ತೆತ್ತವರಲ್ಲಿಯೂ ಕನ್ನಡಿಗರೊಬ್ಬರಿದ್ದಾರೆ. ಕಾರ್ಕಳ ತಾಲ್ಲೂಕಿನ ಕೌಡೂರಿನ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರು ಆ ಏಳು ಮಂದಿಯಲ್ಲಿ ಒಬ್ಬರು. ತೀರ್ಪು ಹೊರಬಿದ್ದ ಕೂಡಲೇ ಸರಕಾರವು ಹಿರಿತನದಲ್ಲಿ ಮುಂದಿದ್ದ ಶೆಲತ್, ಹೆಗ್ಡೆ, ಗ್ರೋವರ್ ಈ ಮೂವರನ್ನೂ ಬದಿಗೊತ್ತಿ, ಅಲ್ಪಮತದಲ್ಲಿದ್ದ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಗಳನ್ನಾಗಿ ಮಾಡಿತು. ಮೂವರೂ ರಾಜೀನಾಮೆಯಿತ್ತು ಹೊರಬಂದರು. ಹೆಗ್ಡೆಯವರು 1977ರಲ್ಲಿ ಲೋಕಸಭೆಯ ಸಭಾಧ್ಯಕ್ಷರಾದರು. ನ್ಯಾಯಮೂರ್ತಿಗಳ ನೇಮಕ ಯಾರ ಕೈಯಲ್ಲಿರಬೇಕೆಂಬ ಇಂದಿಗೂ ಮುಗಿಯದ ಜಗ್ಗಾಟದ ಬೇರು ಅಲ್ಲಿದೆ. 1993ರ ತೀರ್ಪಿನಿಂದ ಹಿರಿಯ ನ್ಯಾಯಮೂರ್ತಿಗಳ ಕೊಲಿಜಿಯಂ ಆ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡಿತು. ಅದನ್ನು ಬದಲಿಸಲು ಸಂಸತ್ತು ತಂದ ನೇಮಕಾತಿ ಆಯೋಗವನ್ನು 2015ರಲ್ಲಿ ರದ್ದುಮಾಡಿತು. ತಮ್ಮನ್ನು ತಾವೇ ಆರಿಸಿಕೊಳ್ಳುವ ಪದ್ಧತಿ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಆದರೂ 1973ರ ಏಪ್ರಿಲ್ ತಿಂಗಳನ್ನು ನೆನೆದಾಗ ಬಾಯಿ ಕಟ್ಟುತ್ತದೆ.

ಎರಡನೆಯವರು ಎಸ್. ಆರ್. ಬೊಮ್ಮಾಯಿಯವರು. ನಮ್ಮ ಓದುಗರಲ್ಲಿ ಹಲವರು ಅವರನ್ನು ಹತ್ತಿರದಿಂದ ಕಂಡವರು. 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿಗಳಾದರು. ಮರುವರ್ಷದ ಏಪ್ರಿಲಿನಲ್ಲಿ ಹತ್ತೊಂಬತ್ತು ಶಾಸಕರು ಬೆಂಬಲ ಹಿಂತೆಗೆದುಕೊಂಡರೆಂದು ರಾಜ್ಯಪಾಲರ ಕೈಗೆ ಪತ್ರಗಳು ಬಂದವು. ಅವರಲ್ಲಿ ಏಳು ಮಂದಿ ತಮ್ಮ ಮಾತನ್ನು ಹಿಂತೆಗೆದುಕೊಂಡರು. ವಿಧಾನಸಭೆಯನ್ನು ಕರೆದು ಬಹುಮತ ತೋರಿಸುವೆನೆಂದು ಬೊಮ್ಮಾಯಿಯವರು ಹೇಳಿದರೂ ಅವಕಾಶ ದೊರೆಯಲಿಲ್ಲ. 1989ರ ಏಪ್ರಿಲ್ 21ರಂದು ರಾಷ್ಟ್ರಪತಿ ಆಳ್ವಿಕೆ ಬಂದಿತು. ರಾಜ್ಯದ ಉಚ್ಚ ನ್ಯಾಯಾಲಯದಲ್ಲಿ ಅವರ ಅರ್ಜಿ ವಜಾ ಆಯಿತು. ದೆಹಲಿಗೆ ಹೋದರು. ಒಂಬತ್ತು ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂದದ್ದು 1994ರ ಮಾರ್ಚ್ 11ರಂದು, ಐದು ವರ್ಷಗಳ ತರುವಾಯ. ಸರಕಾರಕ್ಕೆ ಬಹುಮತವಿದೆಯೇ ಇಲ್ಲವೇ ಎಂಬುದು ತೀರ್ಮಾನವಾಗಬೇಕಾದುದು ರಾಜಭವನದಲ್ಲಲ್ಲ, ಶಾಸನಸಭೆಯಲ್ಲಿ. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನೂ ನ್ಯಾಯಾಲಯ ಪರಿಶೀಲಿಸಬಹುದು. ಕರ್ನಾಟಕದಲ್ಲಿ ಆದದ್ದು ಸಂವಿಧಾನಕ್ಕೆ ವಿರುದ್ಧ. ಗೆದ್ದರು. ಆದರೆ ಅಷ್ಟರೊಳಗೆ 1989ರ ನವೆಂಬರಿನಲ್ಲಿಯೇ ಚುನಾವಣೆ ನಡೆದು, ಬೇರೆ ಸರಕಾರ ಬಂದು, ಅದರ ಮುಖ್ಯಮಂತ್ರಿಗಳೂ ಒಬ್ಬರಾದ ಮೇಲೊಬ್ಬರು ಬದಲಾಗಿದ್ದರು. ಗೆದ್ದವರಿಗೆ ಕೊಡಲು ಕುರ್ಚಿಯೇ ಇರಲಿಲ್ಲ.

ಆ ತೀರ್ಪಿನ ಫಲ ಬೇರೆಯವರಿಗೆ ಸಂದಿತು. 2018ರ ಮೇ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿಯೇ ಯಾರಿಗೂ ಬಹುಮತ ಬಾರದೆ, ರಾಜ್ಯಪಾಲರು ಬಹುಮತ ಸಾಬೀತಿಗೆ ಹದಿನೈದು ದಿನಗಳ ಅವಧಿ ಕೊಟ್ಟಾಗ, ಸರ್ವೋಚ್ಚ ನ್ಯಾಯಾಲಯ ನಡುರಾತ್ರಿಯಲ್ಲಿ ಕುಳಿತದ್ದನ್ನು ದೂರದರ್ಶನದಲ್ಲಿ ಎಲ್ಲರೂ ಕಂಡೆವು. ಹದಿನೈದು ದಿನವಲ್ಲ, ಮೇ 19ರ ಸಂಜೆ ನಾಲ್ಕಕ್ಕೇ ಸಭೆಯಲ್ಲಿ ತೀರ್ಮಾನವಾಗಲೆಂದು ಆದೇಶಿಸಿತು. ಅದು ಯಾವ ಪಕ್ಷಕ್ಕೆ ಲಾಭವಾಯಿತೆಂಬ ಚರ್ಚೆ ಇಲ್ಲಿ ಬೇಡ.

ಮೂರನೆಯವರ ಕಥೆಯನ್ನು ಸಂಕ್ಷೇಪವಾಗಿ ಹೇಳುವೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತಾರರ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ, ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿದರು. ಮರುವರ್ಷ ಐವರ ಪೀಠವು ನಾಲ್ಕು ಒಂದರ ಬಹುಮತದಿಂದ ಆಧಾರ್ ಕಾಯ್ದೆಯನ್ನು ಬಹುಮಟ್ಟಿಗೆ ಎತ್ತಿಹಿಡಿದು, ಬ್ಯಾಂಕ್ ಖಾತೆಗೂ ಮೊಬೈಲ್ ಸಿಮ್ಮಿಗೂ ಜೋಡಿಸುವ ಕಡ್ಡಾಯವನ್ನು ತೆಗೆದುಹಾಕಿತು. ಹಕ್ಕು ಸಿಕ್ಕಿತು, ಕೋರಿಕೆ ಅರ್ಧ ಈಡೇರಿತು.

2017ರ ಆ ತೀರ್ಪಿನಲ್ಲಿ ಇನ್ನೊಂದು ವಿಶೇಷವಿದೆ. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರ ಏಪ್ರಿಲ್ 28ರಂದು, ಇದೇ ನ್ಯಾಯಾಲಯ ಒಂದು ದೊಡ್ಡ ತಪ್ಪು ಮಾಡಿತ್ತು. ವಿಚಾರಣೆಯಿಲ್ಲದೆ ಸೆರೆಯಲ್ಲಿಟ್ಟವರು ನ್ಯಾಯಾಲಯದ ಬಾಗಿಲು ತಟ್ಟುವಂತಿಲ್ಲವೆಂದು ಐವರಲ್ಲಿ ನಾಲ್ವರು ಹೇಳಿದರು. ಒಪ್ಪದೆ ಉಳಿದವರು ಎಚ್. ಆರ್. ಖನ್ನಾ ಒಬ್ಬರೇ. ಮರುವರ್ಷ ಅವರಿಗೆ ಮುಖ್ಯ ನ್ಯಾಯಮೂರ್ತಿ ಸ್ಥಾನ ತಪ್ಪಿತು, ಅವರೂ ರಾಜೀನಾಮೆಯಿತ್ತರು. ಆ ನಾಲ್ವರಲ್ಲಿ ವೈ. ವಿ. ಚಂದ್ರಚೂಡ್ ಒಬ್ಬರು. ನಲವತ್ತೊಂದು ವರ್ಷಗಳ ಮೇಲೆ ಆ ತೀರ್ಪನ್ನು ತಪ್ಪೆಂದು ತಮ್ಮ ಕೈಯಾರೆ ಬರೆದು ತಳ್ಳಿಹಾಕಿದವರು ಅವರ ಮಗ ಡಿ. ವೈ. ಚಂದ್ರಚೂಡ್. ಸರ್ವೋಚ್ಚವೆಂದ ಮಾತ್ರಕ್ಕೆ ತಪ್ಪದ ನ್ಯಾಯಾಲಯವೆಂದಲ್ಲ. ತನ್ನ ತೀರ್ಪನ್ನು ಪುನಃ ಪರಿಶೀಲಿಸುವ ಅಧಿಕಾರವನ್ನು ಸಂವಿಧಾನವೇ ಅದಕ್ಕೆ ಕೊಟ್ಟಿದೆ. ಆದರೆ ಸೆರೆಯಲ್ಲಿದ್ದವರಿಗೆ ನಲವತ್ತೊಂದು ವರ್ಷದ ನಂತರದ ತಿದ್ದುಪಡಿಯಿಂದ ಏನು ಬಂತು?

ಹೀಗೆ ದೊಡ್ಡವರ ಕಥೆ ಹೇಳಿ ಮುಗಿಸಿದರೆ, ಪತ್ರ ಬರೆದ ಹಿರಿಯರು, "ಹಾಗಾದರೆ ಅಲ್ಲಿ ಯಾರಿಗೂ ಏನೂ ಸಿಗುವುದಿಲ್ಲವೋ?" ಎಂದು ಕೇಳಿಯಾರು. ಸಿಗುತ್ತದೆ. ಕರ್ನಾಟಕದ್ದೇ ಆದ ಒಂದು ಮನೆತನದ ವಿಷಯ ಹೇಳುವೆ. ಹೆಸರು ಬೇಡ. ಮನೆಯ ಯಜಮಾನರು 2001ರಲ್ಲಿ ತೀರಿಕೊಂಡರು. ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಮರುವರ್ಷ ಮೊಮ್ಮಗನೊಬ್ಬ ಪಾಲಿಗಾಗಿ ದಾವೆ ಹಾಕಿದ. ಹೆಣ್ಣುಮಕ್ಕಳು 1956ರ ಉತ್ತರಾಧಿಕಾರ ಕಾಯ್ದೆ ಬರುವ ಮೊದಲೇ ಹುಟ್ಟಿದವರು, ಅವರಿಗೆ ಪಾಲಿಲ್ಲವೆಂದು ಕೆಳಗಿನ ನ್ಯಾಯಾಲಯ ಹೇಳಿತು. ಉಚ್ಚ ನ್ಯಾಯಾಲಯವೂ ಅದನ್ನೇ ಹೇಳಿತು. ಆ ಇಬ್ಬರು ಅಕ್ಕತಂಗಿಯರು ದೆಹಲಿಯ ತನಕ ಹೋದರು. 2018ರ ಫೆಬ್ರವರಿ 1ರಂದು ತೀರ್ಪು ಬಂದಿತು: ಇಬ್ಬರಿಗೂ ಐದರಲ್ಲಿ ಒಂದೊಂದು ಪಾಲು. ದಾವೆ ಹೂಡಿದ್ದು 2002ರಲ್ಲಿ. ಹದಿನಾರು ವರ್ಷ.

ಇನ್ನು ಪತ್ರದ ವಿಷಯಕ್ಕೆ ಬರುತ್ತೇನೆ. ಹಿಂದೂ ಉತ್ತರಾಧಿಕಾರ ಕಾಯ್ದೆ ತಮಗೆ ಅನ್ವಯಿಸುವುದಿಲ್ಲವೆಂದು ನಮ್ಮಲ್ಲಿ ಕೆಲವರು ವಾದಿಸುವುದುಂಟು. ಧರ್ಮದ ಚರ್ಚೆ ಏನೇ ಇರಲಿ, ಆ ಕಾಯ್ದೆಯ 2ನೆಯ ಕಲಮಿನಲ್ಲಿ ವೀರಶೈವ, ಲಿಂಗಾಯತ ಎಂಬ ಹೆಸರುಗಳೇ ಇವೆ. ಕರ್ನಾಟಕವು 1994ರಲ್ಲಿಯೇ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಪಾಲು ಕೊಟ್ಟಿತ್ತು, ಆದರೆ ಅದಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ಇಡಲಿಲ್ಲ. ಆ ದಿನಕ್ಕೆ ತಂದೆ ಬದುಕಿದ್ದರೆ ಮಾತ್ರ ಹಕ್ಕೇ ಎಂಬ ಗೊಂದಲ ಉಳಿದಿತ್ತು. ಸರ್ವೋಚ್ಚ ನ್ಯಾಯಾಲಯದ ಪೀಠಗಳೇ ಬೇರೆ ಬೇರೆಯಾಗಿ ಹೇಳಿದ್ದವು. 2020ರ ಆಗಸ್ಟ್ 11ರಂದು ಮೂವರ ಪೀಠ ಅದನ್ನು ಬಗೆಹರಿಸಿತು. ಹಕ್ಕು ಹುಟ್ಟಿನಿಂದ ಬರುವಂಥದು, 2005ರಲ್ಲಿ ತಂದೆ ಇದ್ದರೂ ಇಲ್ಲದಿದ್ದರೂ ಮಗಳಿಗೆ ಮಗನಷ್ಟೇ ಪಾಲು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ವಾಟ್ನಿ ಪತ್ರವಾಗಲಿ, ನ್ಯಾಯಾಲಯದ ವಿಭಾಗದ ಡಿಕ್ರಿಯಾಗಲಿ ಇದ್ದರೆ ಮಾತು ಬೇರೆ. ನಿಮ್ಮ ಪತ್ರದಲ್ಲಿ ಅಂಥ ಕಾಗದದ ಉಲ್ಲೇಖ ಇಲ್ಲ.

ಆದುದರಿಂದ ಹಿರಿಯರೇ, 1999 ಎಂಬ ವರ್ಷವನ್ನು ನಂಬಿ ನೀವು ದೆಹಲಿಗೆ ಹೋಗುವುದಾದರೆ, ಅದಕ್ಕೆ ಉತ್ತರವನ್ನು ಆ ನ್ಯಾಯಾಲಯ ಆಗಲೇ ಕೊಟ್ಟಾಗಿದೆ. 141ನೆಯ ಅನುಚ್ಛೇದದಂತೆ ಆ ಉತ್ತರ ದೇಶದ ಎಲ್ಲ ನ್ಯಾಯಾಲಯಗಳನ್ನೂ ಕಟ್ಟಿಹಾಕುತ್ತದೆ. ಆಯ್ದ ತೀರ್ಪುಗಳ ಕನ್ನಡ ಅನುವಾದಗಳನ್ನು ಸರ್ವೋಚ್ಚ ನ್ಯಾಯಾಲಯವು 2019ರಿಂದ ಪ್ರಕಟಿಸುತ್ತಿದೆ. ನಿಮ್ಮ ವಕೀಲರು ಹುಡುಕಿಕೊಟ್ಟಾರು. ಇನ್ನೊಂದು ವಿಷಯ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ, ಅವರ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರ ನೆರವು ದೊರೆಯುತ್ತದೆ, ಸರ್ವೋಚ್ಚ ನ್ಯಾಯಾಲಯದಲ್ಲಿಯೂ. ನಿಮ್ಮ ತಂಗಿ ಅಲ್ಲಿ ಒಂದು ರೂಪಾಯಿ ಖರ್ಚಿಲ್ಲದೆ ನಿಲ್ಲಬಲ್ಲರು. ರೈಲಿನ ಟಿಕೆಟ್ಟಿನಿಂದ ಹಿಡಿದು ಹಿರಿಯ ವಕೀಲರ ಶುಲ್ಕದವರೆಗೆ ಎಲ್ಲವನ್ನೂ ತೆರಬೇಕಾದವರು ನೀವು.

ಇಷ್ಟನ್ನು ಓದಿದ ಮೇಲೂ ಹೋಗಲೇಬೇಕೆನಿಸಿದರೆ ತಡೆಯಲು ನಾನಾರು? ತೀರ್ಪಿನ ದಿನಾಂಕವನ್ನು ನೋಡಿದರೆ 90 ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಳೆದಿದೆ. ಹೊಲವನ್ನು ಮಾತ್ರ ಅಡವು ಇಡಬೇಡಿರಿ. ಅದರಲ್ಲಿ ತಂಗಿಯ ಪಾಲೂ ಇದೆ.